ನಡುಗಡಲಲ್ಲಿ ಡೀಸೆಲ್ ತುಂಬಿಸುವುದು ಹೇಗೆ? ಯುದ್ಧನೌಕೆಗಳ ‘ರಾಸ್’ ಹಂತ ಹಂತವಾಗಿ

ಮುಂಬೈಯಿಂದ ಏಡನ್ ಬಂದರಿಗೆ ಸುಮಾರು 1,650 ನಾಟಿಕಲ್ ಮೈಲಿ. 15 ನಾಟ್ (ಗಂಟೆಗೆ ಸುಮಾರು 28 ಕಿಲೋಮೀಟರ್) ವೇಗದಲ್ಲಿ ಹೊರಟರೆ ನಾಲ್ಕೂವರೆ ದಿನದ ಹಾದಿ. 2008ರ ಅಕ್ಟೋಬರ್‌ನಿಂದ ನಮ್ಮ ನೌಕಾಪಡೆಯ ಹಡಗುಗಳು ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರ ವಿರುದ್ಧ ಕಾವಲಿವೆ. ಡೀಸೆಲ್ ಮುಗಿಯಿತು ಅಂತ ಪ್ರತಿ ಸಲ ಮುಂಬೈಗೆ ಬಂದು ಹೋದರೆ ಒಂಬತ್ತು ದಿನ ದಾರಿಯಲ್ಲೇ ಕಳೆದುಹೋಗುತ್ತದೆ. ಹತ್ತಿರದ ಬೇರೆ ದೇಶದ ಬಂದರಿಗೆ ಹೋಗಬಹುದು ನಿಜ, ಆದರೆ ಅಲ್ಲಿ ಅನುಮತಿ, ಜಾಗ, ಸಮಯ ಎಲ್ಲವೂ ಅವರ ಕೈಯಲ್ಲಿ. ಅದರ ಬದಲು ಇಂಧನ, ಸಾಮಾನು ಹೊತ್ತ ಟ್ಯಾಂಕರ್ ಹಡಗನ್ನೇ ಕಡಲಿಗೆ ಕರೆಸಿಕೊಂಡು, ಎರಡೂ ಹಡಗುಗಳು ಓಡುತ್ತಿರುವಾಗಲೇ ಡೀಸೆಲ್, ಅಕ್ಕಿ, ಬಿಡಿಭಾಗ, ಮದ್ದುಗುಂಡು ಎಲ್ಲವನ್ನೂ ದಾಟಿಸಿಕೊಳ್ಳುತ್ತಾರೆ. ನೌಕಾಪಡೆಯವರ ಬಾಯಲ್ಲಿ ಇದು ‘ರಾಸ್’ (RAS, ರಿಪ್ಲೆನಿಶ್‌ಮೆಂಟ್ ಅಟ್ ಸೀ).

ನೌಕಾಪಡೆ ಸೇರಲು ಹೊರಟವರಿಗೆ, ಈಗಾಗಲೇ ಸೇರಿ ಮೊದಲ ಸಲ ಡೆಕ್ ಮೇಲೆ ನಿಲ್ಲುವವರಿಗೆ, ವಿಡಿಯೋ ನೋಡಿ ‘ಅಲ್ಲಿ ಏನು ನಡೀತಿದೆ’ ಅಂತ ತಲೆ ಕೆರೆದುಕೊಂಡವರಿಗೆ ಈ ಬರಹ. ನೀವು ಡೀಸೆಲ್ ಪಡೆಯುವ ಹಡಗಿನಲ್ಲಿದ್ದೀರಿ ಅಂತ ಅಂದುಕೊಂಡು ಹೇಳುತ್ತೇನೆ. ನೋಡುವವರ ಕಣ್ಣು ಸಾಮಾನ್ಯವಾಗಿ ಪೈಪಿನ ಮೇಲಿರುತ್ತದೆ. ನೀವು ಮಾತ್ರ ಎರಡು ಹಡಗುಗಳ ನಡುವಿನ ನೀರಿನ ಮೇಲೆ ಕಣ್ಣಿಡಿ. ಇಡೀ ಕೆಲಸ ಇರುವುದು ಅಲ್ಲೇ.

ಯಾರ ಕೆಲಸ ಏನು

ಟ್ಯಾಂಕರ್‌ನ ಕೆಲಸ ಒಂದೇ: ನೇರವಾಗಿ, ಒಂದೇ ವೇಗದಲ್ಲಿ ಹೋಗುತ್ತಿರುವುದು. ಹತ್ತಿರ ಬರುವುದು, ಪಕ್ಕದಲ್ಲಿ ಉಳಿಯುವುದು, ದೂರ ಸರಿಯುವುದು ಎಲ್ಲ ನಿಮ್ಮದು. ಇಬ್ಬರೂ ಹೊಂದಿಸಲು ಹೋದರೆ ಕೆಟ್ಟಿತು.

ನಮ್ಮಲ್ಲಿ ಈ ಕೆಲಸ ಮಾಡುವ ದೊಡ್ಡ ಹಡಗುಗಳು ನಾಲ್ಕು. ಐಎನ್‌ಎಸ್ ಜ್ಯೋತಿ 1996ರಲ್ಲಿ ರಷ್ಯಾದಿಂದ ಬಂತು. ಐಎನ್‌ಎಸ್ ಆದಿತ್ಯ ಕೋಲ್ಕತ್ತದಲ್ಲಿ ತಯಾರಾಗಿ 2000ದಲ್ಲಿ ಸೇರಿತು. ದೀಪಕ್ ಮತ್ತು ಶಕ್ತಿ ಇಟಲಿಯಲ್ಲಿ ಕಟ್ಟಿಸಿದವು, ಎರಡೂ 2011ರಲ್ಲಿ ಸೇರಿದವು. ಇವೆರಡು ತಲಾ 175 ಮೀಟರ್ ಉದ್ದ, ತುಂಬಿದಾಗ 27,500 ಟನ್. ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್‌ಗೆ 2023ರಲ್ಲಿ ಇನ್ನೂ ಐದು ಹಡಗುಗಳ ಗುತ್ತಿಗೆ ಕೊಟ್ಟಿದ್ದಾರೆ. ಅವು ತಲಾ 44,000 ಟನ್. ಕಾರವಾರದ ಕದಂಬ ನೌಕಾನೆಲೆಯಲ್ಲಿರುವ ಐಎನ್‌ಎಸ್ ವಿಕ್ರಮಾದಿತ್ಯದಂಥ ವಿಮಾನವಾಹಕ ನೌಕೆ ದೂರ ಹೋಗಿ ತಿಂಗಳುಗಟ್ಟಲೆ ನಿಲ್ಲಬೇಕಾದರೆ ಟ್ಯಾಂಕರ್ ಜೊತೆಗಿರಲೇಬೇಕು. ಪತ್ರಿಕೆಗಳಲ್ಲಿ ಕ್ಷಿಪಣಿಗೆ ಸಿಗುವ ಜಾಗದಲ್ಲಿ ಕಾಲುಭಾಗವೂ ಈ ಹಡಗುಗಳಿಗೆ ಸಿಗುವುದಿಲ್ಲ ಅನ್ನುವುದು ನನ್ನ ಹಳೆಯ ದೂರು.

ಹಿಂದಿನ ದಿನವೇ ಮುಗಿಸಬೇಕಾದ ಲೆಕ್ಕ

ಎಲ್ಲಿ ಭೇಟಿ, ಎಷ್ಟು ಗಂಟೆಗೆ, ಯಾವ ದಿಕ್ಕಿಗೆ ಓಡುತ್ತಾ, ಎಷ್ಟು ವೇಗದಲ್ಲಿ, ಟ್ಯಾಂಕರ್‌ನ ಯಾವ ಬದಿಗೆ, ಯಾವ ಇಂಧನ ಎಷ್ಟು ಟನ್: ಇಷ್ಟೂ ಮೊದಲೇ ಸಂದೇಶದಲ್ಲಿ ತೀರ್ಮಾನವಾಗಿರಬೇಕು. ಹಡಗಿನ ಡೀಸೆಲ್ ಬೇರೆ, ಹೆಲಿಕಾಪ್ಟರ್ ಇಂಧನ ಬೇರೆ. ಹಡಗಿನ ಡೀಸೆಲ್ ಕೂಡ ಬಂಕ್‌ನಲ್ಲಿ ಸಿಗುವಂಥದ್ದಲ್ಲ. ಸುಲಭವಾಗಿ ಬೆಂಕಿ ಹತ್ತಿಕೊಳ್ಳದಂತೆ, ಜಾಸ್ತಿ ಬಿಸಿಯಾದ ಮೇಲಷ್ಟೇ ಆವಿ ಉರಿಯುವಂತೆ ತಯಾರಿಸಿದ್ದು.

ಹೊಸಬರು ಮರೆಯುವ ಲೆಕ್ಕ ಒಂದಿದೆ. ಡೀಸೆಲ್ ಖಾಲಿಯಾದಂತೆ ಹಡಗಿನ ತಳ ಹಗುರಾಗುತ್ತದೆ, ಅಲುಗಾಟ ಹೆಚ್ಚುತ್ತದೆ. ಹಳೆಯ ಹಡಗುಗಳಲ್ಲಿ ಅದಕ್ಕೆ ಖಾಲಿ ಟ್ಯಾಂಕಿಗೆ ಸಮುದ್ರದ ನೀರು ತುಂಬಿಸುತ್ತಿದ್ದರು. ಡೀಸೆಲ್ ಬರುವ ಹೊತ್ತಿಗೆ ಆ ನೀರನ್ನು ಹೊರಹಾಕಲೇಬೇಕು. ಹೊರಹಾಕಿದ ಮೇಲೆ ಡೀಸೆಲ್ ಬರದಿದ್ದರೆ?

1944ರ ಡಿಸೆಂಬರ್‌ನಲ್ಲಿ ಫಿಲಿಪ್ಪೀನ್ಸ್ ಪೂರ್ವಕ್ಕೆ ಅಮೆರಿಕದ ಮೂರನೇ ನೌಕಾದಳಕ್ಕೆ ಆದದ್ದು ಇದೇ. ಅಡ್ಮಿರಲ್ ಹಾಲ್ಸೀ ದಳದ ವಿಧ್ವಂಸಕ ಹಡಗುಗಳು ಇಂಧನಕ್ಕಾಗಿ ಕಾಯುತ್ತಿದ್ದವು. ಕಡಲು ಉಕ್ಕುತ್ತಿತ್ತು, ಪೈಪುಗಳು ಹರಿದವು, ತುಂಬಿಸುವ ಕೆಲಸ ಮುಂದಕ್ಕೆ ಹೋಯಿತು. ‘ಇವತ್ತಲ್ಲ ನಾಳೆ ಇಂಧನ ಸಿಗುತ್ತದೆ’ ಅಂತ ಕೆಲವರು ಟ್ಯಾಂಕಿಗೆ ಮತ್ತೆ ನೀರು ತುಂಬಿಸುವುದನ್ನು ತಡಮಾಡಿದರು. ಮರುದಿನ ಚಂಡಮಾರುತ ನೇರವಾಗಿ ಮೇಲೆ ಬಿತ್ತು. ಹಲ್, ಮೊನಾಗನ್, ಸ್ಪೆನ್ಸ್ ಎಂಬ ಮೂರು ಹಡಗುಗಳು ಮಗುಚಿದವು. ಸುಮಾರು 790 ಜನ ಸತ್ತರು. ಹಾಗಾಗಿ ಯೋಜನೆ ಬರೆಯುವಾಗ ‘ಡೀಸೆಲ್ ಸಿಗದಿದ್ದರೆ ನಮ್ಮ ಹಡಗಿನ ಸ್ಥಿತಿ ಏನು’ ಎಂಬ ಪ್ರಶ್ನೆಗೂ ಒಂದು ಸಾಲು ಇರಲಿ. ಟ್ಯಾಂಕ್ ತಳ ಕಾಣುವವರೆಗೆ ಕಾಯುವುದು ಜಾಣತನವಲ್ಲ. ಅರ್ಧ ಇರುವಾಗಲೇ ತುಂಬಿಸಿಕೊಳ್ಳುವ ಕಮಾಂಡರ್‌ಗಳನ್ನು ಕಂಡು ಯಾರಾದರೂ ನಕ್ಕರೆ ನಗಲಿ.

ದಿಕ್ಕು ಆರಿಸುವಾಗ ಗಾಳಿ ಮತ್ತು ಅಲೆ ನೋಡಿ. ಅಲೆ ಮುಂದಿನಿಂದ ಸ್ವಲ್ಪ ಓರೆಯಾಗಿ ಬಂದರೆ ಹಡಗು ಹದವಾಗಿ ಮಾತು ಕೇಳುತ್ತದೆ. ಹಿಂದಿನಿಂದ ಬಂದರೆ ಚುಕ್ಕಾಣಿ ಹಿಡಿತ ತಪ್ಪುತ್ತದೆ. ಮುಂದೆ ಒಂದೆರಡು ಗಂಟೆ ಓಡಲು ಖಾಲಿ ಕಡಲು ಬೇಕು. ಮೀನುಗಾರಿಕೆ ದೋಣಿಗಳು ಗುಂಪಾಗಿರುವ ಕಡೆ ಇದನ್ನು ಶುರುಮಾಡಬೇಡಿ.

ಹಡಗನ್ನು, ಜನರನ್ನು ಸಿದ್ಧಮಾಡುವುದು

ಚುಕ್ಕಾಣಿಗೆ ಇರುವವರಲ್ಲೇ ಕೈ ಪಳಗಿದವರನ್ನು ನಿಲ್ಲಿಸಿ. ಹಿಂಬದಿಯ ಸ್ಟೀರಿಂಗ್ ಕೋಣೆಯಲ್ಲೂ ಒಂದು ತಂಡ ಇರಬೇಕು. ಬ್ರಿಡ್ಜ್‌ನಿಂದ, ಅಂದರೆ ಹಡಗು ನಡೆಸುವ ಮೇಲಿನ ಕೋಣೆಯಿಂದ, ಚುಕ್ಕಾಣಿ ಕೈಕೊಟ್ಟರೆ ಅವರು ಅಲ್ಲಿಂದಲೇ ತಿರುಗಿಸಬೇಕು. ಇದನ್ನು ಆ ದಿನ ಬೆಳಿಗ್ಗೆ ಒಮ್ಮೆ ನಿಜವಾಗಿ ಮಾಡಿ ನೋಡಿ, ಬಾಯಲ್ಲಿ ಹೇಳಿ ಮುಗಿಸಬೇಡಿ. ಹೆಚ್ಚುವರಿ ಜನರೇಟರ್ ಚಾಲೂ ಇರಲಿ. 2012ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯಾಚೆ ಅಮೆರಿಕದ ಎಸೆಕ್ಸ್ ಎಂಬ ದೊಡ್ಡ ಹಡಗು ಡೀಸೆಲ್ ತುಂಬಿಸಿಕೊಳ್ಳಲು ಬರುತ್ತಾ ಯುಕಾನ್ ಎಂಬ ಟ್ಯಾಂಕರ್‌ಗೆ ಗುದ್ದಿತು. ಮೊದಲು ಎಲ್ಲರೂ ಸ್ಟೀರಿಂಗ್ ಕೆಟ್ಟಿತು ಅಂದರು. ಮುಂದಿನ ತಿಂಗಳು ಹಡಗಿನ ಕ್ಯಾಪ್ಟನ್‌ರನ್ನು ಹುದ್ದೆಯಿಂದ ತೆಗೆದರು.

ಡೆಕ್ ಮೇಲಿನ ನಿಯಮಗಳು ಚಿಕ್ಕವು, ಆದರೆ ಬೆರಳು ಉಳಿಸುವಂಥವು. ಉಂಗುರ, ಸರ, ವಾಚ್ ತೆಗೆದಿಡಿ. ಜೇಬಿನಲ್ಲಿ ಕೀ ಗೊಂಚಲು ಬೇಡ. ಲೈಫ್ ಜಾಕೆಟ್, ಹೆಲ್ಮೆಟ್ ಗಟ್ಟಿಯಾಗಿ ಕಟ್ಟಿಕೊಳ್ಳಿ. ಪ್ಯಾಂಟ್ ಕಾಲನ್ನು ಸಾಕ್ಸ್ ಒಳಗೆ ತೂರಿಸಿ. ಹಗ್ಗದ ಸುರುಳಿಯೊಳಗೆ ಕಾಲಿಡಬೇಡಿ. ಅದು ಬಿಗಿದಾಗ ಕಾಲು ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಹಗ್ಗ ಎಳೆಯುವಾಗ ಕಡಲಿನ ಕಡೆಗೆ ಬೆನ್ನು ಹಾಕಬೇಡಿ. ಮತ್ತೆ, ಬಿಗಿದ ತಂತಿ ಹಗ್ಗದ ನೇರಕ್ಕೆ ಸುಮ್ನೆ ನೋಡಲು ನಿಲ್ಲುವವರನ್ನು ಮೊದಲು ಕೆಳಗೆ ಕಳಿಸಿ. ಮೊಬೈಲ್‌ನಲ್ಲಿ ವಿಡಿಯೋ ತೆಗೆಯಲು ಬಂದವರಿಗೂ ಇದೇ ಮಾತು.

ಪಕ್ಕಕ್ಕೆ ಬರುವುದು: ಇಲ್ಲಿ ನಿಧಾನವಾಗಿ ಓದಿ

ಟ್ಯಾಂಕರ್ ಸಾಮಾನ್ಯವಾಗಿ 12ರಿಂದ 15 ನಾಟ್ ವೇಗದಲ್ಲಿ ಇರುತ್ತದೆ. 12 ನಾಟ್ ಅಂದರೆ ಗಂಟೆಗೆ 22 ಕಿಲೋಮೀಟರ್. ಅದರ ಕಂಬದಲ್ಲಿ ‘ರೋಮಿಯೋ’ (R ಅಕ್ಷರದ ಸಂಕೇತ) ಬಾವುಟ ಅರ್ಧಕ್ಕೆ ಏರಿದ್ದರೆ ಇನ್ನೂ ತಯಾರಿ ನಡೆದಿದೆ, ಪೂರ್ತಿ ಏರಿದರೆ ‘ಬನ್ನಿ’ ಅಂತ. ನೀವು ಹೊರಟಾಗ ನಿಮ್ಮ ರೋಮಿಯೋವನ್ನೂ ಪೂರ್ತಿ ಏರಿಸುತ್ತೀರಿ. ಎರಡೂ ಹಡಗುಗಳಲ್ಲಿ ಹಗಲಾದರೆ ಮೇಲೊಂದು ಚೆಂಡು, ನಡುವೆ ವಜ್ರಾಕಾರ, ಕೆಳಗೊಂದು ಚೆಂಡು ತೂಗುಹಾಕುತ್ತಾರೆ. ರಾತ್ರಿಯಾದರೆ ಕೆಂಪು, ಬಿಳಿ, ಕೆಂಪು ದೀಪ. ‘ನಾವು ದಾರಿ ಬಿಡಲು ಆಗುವುದಿಲ್ಲ, ನೀವೇ ಸರಿಯಿರಿ’ ಅಂತ ಉಳಿದ ಹಡಗುಗಳಿಗೆ ಇದು ಸೂಚನೆ. ಕಡಲ ಸಂಚಾರದ ಅಂತರರಾಷ್ಟ್ರೀಯ ನಿಯಮದಲ್ಲೇ ಇದಿದೆ.

ಹಿಂದಿನಿಂದ ಸುಮಾರು 5 ನಾಟ್ ಜಾಸ್ತಿ ವೇಗದಲ್ಲಿ, ಟ್ಯಾಂಕರ್‌ಗೆ ಸಮಾನಾಂತರವಾಗಿ ಬನ್ನಿ. ಎಷ್ಟು ಪಕ್ಕದಲ್ಲಿ ಬರುತ್ತಿದ್ದೀರಿ ಅಂತ ದೂರದಿಂದಲೇ ತಿಳಿಯಲು ಒಂದು ಲೆಕ್ಕವಿದೆ. 1,000 ಮೀಟರ್ ದೂರದಲ್ಲಿ 1 ಡಿಗ್ರಿ ಅಂದರೆ ಅಡ್ಡಕ್ಕೆ 17.5 ಮೀಟರ್. ಉದಾಹರಣೆಗೆ ನಿಮ್ಮ ಹಡಗಿನ ಅಗಲ 16 ಮೀಟರ್, ನಡುವೆ 45 ಮೀಟರ್ ಅಂತರ ಬೇಕು. ನಿಮ್ಮ ಅರ್ಧ ಅಗಲ 8 ಸೇರಿಸಿದರೆ 53. ಅಂದರೆ 1,000 ಮೀಟರ್ ಹಿಂದಿರುವಾಗ ಟ್ಯಾಂಕರ್‌ನ ಹತ್ತಿರದ ಬದಿ ನಿಮ್ಮ ನೇರದಿಂದ 3 ಡಿಗ್ರಿ ಆಚೆ ಕಾಣಬೇಕು. 500 ಮೀಟರ್‌ಗೆ ಬಂದಾಗ ಅದೇ 6 ಡಿಗ್ರಿ ಆಗಿರಬೇಕು. 500ರಲ್ಲಿ 4 ಡಿಗ್ರಿ ಮಾತ್ರ ಕಂಡರೆ ನಡುವೆ ಉಳಿಯುವುದು ಬರೀ 27 ಮೀಟರ್. ಆಗ ಹೊರಕ್ಕೆ ಸರಿಯಿರಿ. ತಿದ್ದುವುದಿದ್ದರೆ ದೂರದಲ್ಲೇ ತಿದ್ದಬೇಕು, ಪಕ್ಕಕ್ಕೆ ಬಂದ ಮೇಲಲ್ಲ.

ಯಾಕೆ ಅಂದರೆ, ಹತ್ತಿರ ಬಂದಾಗ ನೀರೇ ಹಡಗನ್ನು ಆಡಿಸುತ್ತದೆ. ಹೆದ್ದಾರಿಯಲ್ಲಿ ಬೈಕಿನ ಪಕ್ಕದಲ್ಲಿ ಲಾರಿ ಸರಿದುಹೋದಾಗ ಮೊದಲು ತಳ್ಳಿದಂತೆ, ಆಮೇಲೆ ಎಳೆದಂತೆ ಆಗುತ್ತದಲ್ವಾ, ಅದೇ ಇಲ್ಲಿ ಸಾವಿರಾರು ಟನ್‌ಗಳ ಲೆಕ್ಕದಲ್ಲಿ. ಓಡುವ ಹಡಗಿನ ಮುಂದೆ ಮತ್ತು ಹಿಂದೆ ನೀರಿನ ಒತ್ತಡ ಜಾಸ್ತಿ, ನಡುಭಾಗದಲ್ಲಿ ಕಡಿಮೆ. ನಿಮ್ಮ ಹಡಗಿನ ಮೂತಿ ಟ್ಯಾಂಕರ್‌ನ ಹಿಂಬದಿ ಮುಟ್ಟುವಾಗ ಹೊರಕ್ಕೆ ತಳ್ಳಲ್ಪಡುತ್ತದೆ. ಚುಕ್ಕಾಣಿ ಹಿಡಿದವರು ಸಹಜವಾಗಿ ಒಳಕ್ಕೆ ತಿರುಗಿಸುತ್ತಾರೆ. ಅಷ್ಟರಲ್ಲಿ ಮೂತಿ ಮುಂದೆ ಸರಿದು ಕಡಿಮೆ ಒತ್ತಡದ ಜಾಗಕ್ಕೆ ಬಂದಿರುತ್ತದೆ. ಈಗ ನೀರೂ ಒಳಕ್ಕೆ ಎಳೆಯುತ್ತದೆ, ಚುಕ್ಕಾಣಿಯೂ ಒಳಕ್ಕೆ. ಎರಡೂ ಸೇರಿದರೆ ಗುದ್ದುವುದೇ. ಅದಕ್ಕೇ ಮೊದಲ ತಳ್ಳುವಿಕೆಗೆ ಗಾಬರಿಯಾಗಿ ಉತ್ತರ ಕೊಡಬೇಡಿ. ಸ್ವಲ್ಪವೇ ತಿದ್ದಿ, ಮುಂದಿನ ಎಳೆತಕ್ಕೆ ಮೊದಲೇ ಸಿದ್ಧವಾಗಿರಿ.

ಈ ಎಳೆತ ಪುಸ್ತಕದ ಮಾತಲ್ಲ. 1911ರಲ್ಲಿ ಇಂಗ್ಲೆಂಡಿನ ಸೊಲೆಂಟ್ ಜಲಮಾರ್ಗದಲ್ಲಿ ಟೈಟಾನಿಕ್‌ನ ಸೋದರಿ ಹಡಗು ಒಲಿಂಪಿಕ್ ಪಕ್ಕದಲ್ಲಿ ಹೋಗುತ್ತಿದ್ದಾಗ ಹಾಕ್ ಎಂಬ ಯುದ್ಧನೌಕೆ ಅದರ ಬದಿಗೆ ನುಗ್ಗಿತು. ದೊಡ್ಡ ಹಡಗು ನೀರಿನ ಮೂಲಕ ಚಿಕ್ಕದನ್ನು ಎಳೆದುಕೊಂಡಿತು ಅಂತ ನೌಕಾಪಡೆಯ ಕಡೆಯವರು ವಾದಿಸಿದರು, ನ್ಯಾಯಾಲಯವೂ ಒಪ್ಪಿತು. ಆರು ವರ್ಷದ ನಂತರ, 1917ರ ಮೇ ತಿಂಗಳಲ್ಲಿ, ಅಮೆರಿಕದ ಮಾಮೀ ಎಂಬ ಟ್ಯಾಂಕರ್ ಅಟ್ಲಾಂಟಿಕ್ ನಡುವೆ ವಿಧ್ವಂಸಕ ಹಡಗುಗಳನ್ನು ಪಕ್ಕಕ್ಕೆ ಕರೆದು ಓಡುತ್ತಲೇ ಇಂಧನ ಕೊಟ್ಟಿತು. ಅದರ ಏರ್ಪಾಡು ಮಾಡಿದವರಲ್ಲಿ ಒಬ್ಬರು ಆ ಹಡಗಿನ ಮುಖ್ಯ ಎಂಜಿನಿಯರ್ ಚೆಸ್ಟರ್ ನಿಮಿಟ್ಜ್. ಎರಡನೇ ಮಹಾಯುದ್ಧದಲ್ಲಿ ಇಡೀ ಪೆಸಿಫಿಕ್ ನೌಕಾದಳ ನಡೆಸಿದ್ದು ಇವರೇ.

ಪಕ್ಕಕ್ಕೆ ಬಂದು ವೇಗ ಸರಿಹೊಂದಿತು. ಇನ್ನು ಆದೇಶಗಳು ತೀರಾ ಚಿಕ್ಕವು. ‘ಎಡಕ್ಕೆ ತಿರುಗಿಸು’ ಅನ್ನುವುದಿಲ್ಲ, ದಿಕ್ಸೂಚಿಯ ಡಿಗ್ರಿ ಹೇಳಿ ‘090ರಲ್ಲಿ ಹಿಡಿ’, ‘091ರಲ್ಲಿ ಹಿಡಿ’ ಅನ್ನುತ್ತಾರೆ. ಎಂಜಿನ್ ಸುತ್ತುಗಳನ್ನೂ ಒಂದೊಂದೇ ಹೆಚ್ಚಿಸಿ ಇಳಿಸುತ್ತಾರೆ. 12 ನಾಟ್ ವೇಗದಲ್ಲಿ 1 ಡಿಗ್ರಿ ತಪ್ಪಿದರೆ ಒಂದು ನಿಮಿಷದಲ್ಲಿ ಅಂತರ 6 ಮೀಟರ್‌ಗೂ ಜಾಸ್ತಿ ಬದಲಾಗುತ್ತದೆ. ಈ ಲೆಕ್ಕ ಚುಕ್ಕಾಣಿ ಹಿಡಿದವರ ಬೆರಳಲ್ಲಿರಬೇಕು. ಹೊತ್ತು ಕಳೆದಂತೆ ಕಣ್ಣು ಸೋಲುತ್ತದೆ. ಜನರನ್ನು ಬದಲಿಸಿ, ಆದರೆ ಬದಲಾಗುತ್ತಿರುವ ವಿಷಯ ಬ್ರಿಡ್ಜ್‌ನಲ್ಲಿರುವ ಎಲ್ಲರಿಗೂ ಗೊತ್ತಾಗುವಂತೆ ಹೇಳಿ.

ಹಗ್ಗ, ತಂತಿ, ಪೈಪು

ಮೊದಲು ದಾಟುವುದು ತೆಳ್ಳಗಿನ ದಾರ. ಅದನ್ನು ವಿಶೇಷ ಬಂದೂಕಿನಿಂದ ಹಾರಿಸುತ್ತಾರೆ. ಹಾರಿಸುವ ಹಡಗು ಒಂದು ಸೀಟಿ ಊದುತ್ತದೆ. ಆ ಕಡೆಯವರೆಲ್ಲ ಮರೆಗೆ ಹೋದ ಮೇಲೆ ಎರಡು ಸೀಟಿ ಉತ್ತರ ಬರುತ್ತದೆ. ಆಮೇಲೆಯೇ ಗುಂಡು. ದಾರಕ್ಕೆ ಸ್ವಲ್ಪ ದಪ್ಪ ಹಗ್ಗ, ಅದಕ್ಕೆ ಇನ್ನೂ ದಪ್ಪದ್ದು, ಕೊನೆಗೆ ತಂತಿ ಹಗ್ಗ: ಹೀಗೆ ಒಂದನ್ನು ಎಳೆದರೆ ಇನ್ನೊಂದು ಬರುತ್ತದೆ. ಮೊದಲ ಹಗ್ಗ ಕೈಗೆ ಸಿಕ್ಕ ಕೂಡಲೇ ಎರಡೂ ಕಡೆ ರೋಮಿಯೋ ಇಳಿಯುತ್ತದೆ.

ಇದರ ಜೊತೆ ಇನ್ನೊಂದು ಹಗ್ಗ ಬರುತ್ತದೆ, ಅಂತರ ತೋರಿಸುವುದು. ಇದರಲ್ಲಿ ಸಮಾನ ದೂರಕ್ಕೆ ಬಣ್ಣದ ಚಿಕ್ಕ ಬಾವುಟಗಳಿರುತ್ತವೆ. ಅಮೆರಿಕದ ಪದ್ಧತಿಯಲ್ಲಿ 20 ಅಡಿಗೊಂದು. ಇದನ್ನು ಮುಂಭಾಗದಲ್ಲಿ ಜನ ಕೈಯಲ್ಲೇ ಬಿಗಿಯಾಗಿ ಹಿಡಿದಿರುತ್ತಾರೆ, ಎಲ್ಲಿಗೂ ಕಟ್ಟುವುದಿಲ್ಲ. ಕಟ್ಟಿದರೆ ಹಡಗು ಸರಿದಾಗ ಹರಿಯುತ್ತದೆ, ಸಡಿಲ ಬಿಟ್ಟರೆ ಸುಳ್ಳು ಹೇಳುತ್ತದೆ. ರೇಡಾರ್, ಲೇಸರ್ ಎಲ್ಲ ಬಂದ ಮೇಲೂ ಈ ಹಗ್ಗ ಹೋಗಿಲ್ಲ. ಒಂದು ನೋಟಕ್ಕೆ ಬ್ರಿಡ್ಜ್‌ನಲ್ಲಿರುವ ಎಲ್ಲರಿಗೂ ಒಂದೇ ಉತ್ತರ ಕೊಡುವುದು ಇದೊಂದೇ. ಎರಡು ಬ್ರಿಡ್ಜ್‌ಗಳ ನಡುವಿನ ಟೆಲಿಫೋನ್ ತಂತಿಯೂ ಸಾಮಾನ್ಯವಾಗಿ ಇದರ ಜೊತೆಗೇ ಬರುತ್ತದೆ.

ತಂತಿ ಹಗ್ಗದ ತುದಿಯನ್ನು ನಿಮ್ಮ ಡೆಕ್‌ನ ಗಟ್ಟಿ ಕೊಂಡಿಗೆ ಸಿಕ್ಕಿಸುತ್ತಾರೆ. ಒಂದು ಏಟಿಗೆ ಬಿಚ್ಚಿಕೊಳ್ಳುವಂಥ ಕೊಕ್ಕೆ ಅದು. ಟ್ಯಾಂಕರ್‌ನಲ್ಲಿರುವ ಯಂತ್ರ ಈ ತಂತಿಯನ್ನು ಸದಾ ಒಂದೇ ಬಿಗಿಯಲ್ಲಿ ಇಡುತ್ತದೆ. ಹಡಗುಗಳು ತೂಗಿ ದೂರವಾದರೆ ತಂತಿ ಬಿಡುತ್ತದೆ, ಹತ್ತಿರವಾದರೆ ಎಳೆದುಕೊಳ್ಳುತ್ತದೆ. ಪೈಪು ಈ ತಂತಿಯಿಂದ ಮಡಿಕೆ ಮಡಿಕೆಯಾಗಿ ಜೋತುಬಿದ್ದು ಜಾರಿ ಬರುತ್ತದೆ. ಅದರ ತುದಿಯ ಕೊಳವೆ ನಿಮ್ಮ ಕಡೆಯ ಗಂಟೆಯಾಕಾರದ ಬಾಯಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ಸರಿಯಾಗಿ ಕಚ್ಚಿಕೊಂಡರೆ ಪಕ್ಕದ ಸೂಚಕ ಎದ್ದು ನಿಲ್ಲುತ್ತದೆ. ಸೂಚಕ ಏಳದೆ ‘ಪಂಪ್ ಶುರುಮಾಡಿ’ ಅನ್ನಬೇಡಿ.

ಪಂಪ್ ಶುರುವಾದ ಮೇಲೆ

ಕೆಂಪು ‘ಬ್ರಾವೋ’ ಬಾವುಟ ಏರುತ್ತದೆ. ಡೆಕ್ ಮೇಲೆ ಸಿಗರೇಟ್, ವೆಲ್ಡಿಂಗ್ ಎಲ್ಲ ಬಂದ್. ಮೊದಲು ಕಡಿಮೆ ಒತ್ತಡದಲ್ಲಿ ಬಿಟ್ಟು, ಡೀಸೆಲ್ ನಿಮ್ಮ ಟ್ಯಾಂಕಿಗೇ ಹೋಗುತ್ತಿದೆಯೇ, ಎಲ್ಲಾದರೂ ಸೋರುತ್ತಿದೆಯೇ ಅಂತ ನೋಡಿ. ಒಂದು ಗಾಜಿನ ಸೀಸೆಯಲ್ಲಿ ಮಾದರಿ ಹಿಡಿದು ಬೆಳಕಿಗೆ ಒಡ್ಡಿ. ನೀರು ಅಥವಾ ಕಸ ಕಂಡರೆ ನಿಲ್ಲಿಸಿ. ಗ್ಯಾಸ್ ಟರ್ಬೈನ್‌ಗೆ ಕೊಳಕು ಡೀಸೆಲ್ ಹೋದರೆ ಆಗುವ ಖರ್ಚಿನ ಮುಂದೆ ಹತ್ತು ನಿಮಿಷದ ತಡ ಏನೂ ಅಲ್ಲ.

ಎಡಬಲದ ಟ್ಯಾಂಕುಗಳನ್ನು ಜೋಡಿಯಾಗಿ ತುಂಬಿಸಿ, ಇಲ್ಲದಿದ್ದರೆ ಹಡಗು ಒಂದು ಕಡೆ ವಾಲುತ್ತದೆ. ಅಂಚಿನವರೆಗೆ ತುಂಬಿಸಬೇಡಿ. ಕೊನೆಯ ಭಾಗದಲ್ಲಿ ವೇಗ ಇಳಿಸಲು ಟ್ಯಾಂಕರ್‌ಗೆ ಮೊದಲೇ ಹೇಳಿ. ‘ನಿಲ್ಲಿಸಿ’ ಅಂದ ಮೇಲೂ ಸ್ವಲ್ಪ ಬರುತ್ತಲೇ ಇರುತ್ತದೆ.

ಸಾಮಾನು ಮತ್ತು ಮನುಷ್ಯರು

ಪೆಟ್ಟಿಗೆ, ಮೂಟೆಗಳಿಗೂ ಇದೇ ರೀತಿ ತಂತಿ ಕಟ್ಟುತ್ತಾರೆ. ನೌಕಾಪಡೆಯಲ್ಲಿ ಇದು ಜಾಕ್‌ಸ್ಟೇ. ತಂತಿಯ ಮೇಲೆ ರಾಟೆ ಓಡುತ್ತದೆ, ಕೆಳಗೆ ಸಾಮಾನು. ಬಂದದ್ದನ್ನು ಕೂಡಲೇ ಒಳಗೆ ಸಾಗಿಸಬೇಕು. ಇಳಿಯುವ ಜಾಗದಲ್ಲಿ ಪೆಟ್ಟಿಗೆಗಳು ಗುಡ್ಡೆಬಿದ್ದರೆ ಮುಂದಿನದ್ದು ಗಾಳಿಯಲ್ಲೇ ನೇತಾಡುತ್ತಿರುತ್ತದೆ. ತರಕಾರಿ ಮೂಟೆ ಬಂದಾಗ ಅಡುಗೆಮನೆಯವರು ಕರೆಯದೇ ಸಾಲು ನಿಲ್ಲುತ್ತಾರೆ ಅನ್ನುವುದು ಬೇರೆ ಮಾತು.

ಮನುಷ್ಯರನ್ನು ದಾಟಿಸಬೇಕಾದರೆ ಸಾಮಾನ್ಯವಾಗಿ ಯಂತ್ರಕ್ಕೆ ಬಿಡುವುದಿಲ್ಲ. ಇಪ್ಪತ್ತೈದು ಮೂವತ್ತು ಜನ ಹಗ್ಗವನ್ನು ಕೈಯಲ್ಲೇ ಹಿಡಿದು, ಹಡಗು ತೂಗಿದಂತೆ ಬಿಡುತ್ತಾ ಎಳೆಯುತ್ತಾ ಇರುತ್ತಾರೆ. ಮೊದಲು ಅಷ್ಟೇ ತೂಕದ ಮೂಟೆ ಹೋಗಿಬರುತ್ತದೆ, ಆಮೇಲೆ ಮನುಷ್ಯ. ಹೆಲಿಕಾಪ್ಟರ್ ಇದ್ದರೆ ಇದೆಲ್ಲ ಸುಲಭ. ಚೇತಕ್‌ನಂಥದ್ದು ಬಲೆಯಲ್ಲಿ ಸಾಮಾನು ತೂಗಿಸಿಕೊಂಡು ಬರುತ್ತದೆ, ಹಡಗುಗಳು ಪಕ್ಕಪಕ್ಕ ಇರಬೇಕೆಂದೂ ಇಲ್ಲ. ಒಂದೇ ಎಚ್ಚರಿಕೆ: ಹಾರುವ ಹೆಲಿಕಾಪ್ಟರ್‌ನಲ್ಲಿ ಸ್ಥಿರ ವಿದ್ಯುತ್ ತುಂಬಿರುತ್ತದೆ. ಅರ್ತಿಂಗ್ ಕೋಲನ್ನು ಕೊಕ್ಕೆಗೆ ಮುಟ್ಟಿಸದೆ ಕೈ ಹಾಕಿದರೆ ಶಾಕ್ ಹೊಡೆದು ಬೀಳುತ್ತೀರಿ.

ಅಲೆ ಜೋರಾಗಿದ್ದರೆ, ಅಥವಾ ಟ್ಯಾಂಕರ್‌ನಲ್ಲಿ ತಂತಿ, ಪೈಪು ದಾಟಿಸುವ ಪಕ್ಕದ ಕಂಬಗಳೇ ಇಲ್ಲದಿದ್ದರೆ, ಹಿಂದಿನಿಂದ ತುಂಬಿಸುವ ದಾರಿ ಇದೆ. ಟ್ಯಾಂಕರ್ ಪೈಪನ್ನು ನೀರಿಗೆ ಬಿಟ್ಟು ಎಳೆದುಕೊಂಡು ಹೋಗುತ್ತದೆ, ನೀವು ಹಿಂದೆ ಬಂದು ಅದನ್ನು ಹಿಡಿದು ಮೇಲೆತ್ತಿಕೊಳ್ಳುತ್ತೀರಿ. ನಿಧಾನ, ಆದರೆ ಗುದ್ದುವ ಭಯ ಕಡಿಮೆ.

ಬಿಡಿಸಿಕೊಳ್ಳುವುದು

ಮುಗಿಯಲು ಹದಿನೈದು ನಿಮಿಷ ಇರುವಾಗ ‘ಪ್ರೆಪ್’ (ಪ್ರಿಪರೇಟಿವ್, ಅಂದರೆ ಸಿದ್ಧತೆಯ) ಬಾವುಟ ಅರ್ಧಕ್ಕೆ ಏರಿಸಿ. ಪೈಪಿನಲ್ಲಿ ಉಳಿದ ಡೀಸೆಲ್ ಖಾಲಿಮಾಡಿ, ಪೈಪು ಬಿಡಿಸಿ, ತಂತಿ ಸಡಿಲಾದ ಮೇಲೆ ಕೊಕ್ಕೆ ಬಿಚ್ಚಿ. ಬಿಗಿಯಾಗಿರುವ ತಂತಿಗೆ ಕೈ ಹಾಕಬೇಡಿ.

ತುರ್ತು ಬಂದರೆ ಇದೇ ಕೆಲಸ ಒಂದೆರಡು ನಿಮಿಷದಲ್ಲಿ ಆಗಬೇಕು. ಚುಕ್ಕಾಣಿ ಕೈಕೊಟ್ಟಿತು, ಎಂಜಿನ್ ನಿಂತಿತು, ಯಾರೋ ನೀರಿಗೆ ಬಿದ್ದರು, ಯಾವುದೋ ಹಡಗು ಅಡ್ಡ ಬಂತು. ಕಾರಣ ಯಾವುದಾದರೂ ಕನಿಷ್ಠ ಐದು ಚಿಕ್ಕ ಸೀಟಿ. ಮೊದಲು ಪಂಪ್ ನಿಲ್ಲಬೇಕು, ಆಮೇಲೆ ಪೈಪು, ಆಮೇಲೆ ತಂತಿ. ಕೊಡಲಿ, ತಂತಿ ಕತ್ತರಿಸುವ ಕತ್ತರಿ ಕೈಗೆಟಕುವಲ್ಲಿ ಇರಬೇಕು. ಈ ತೀರ್ಮಾನ ಕೈಗೊಳ್ಳಲು ಹಿಂಜರಿಯುವುದೇ ದೊಡ್ಡ ಅಪಾಯ. ಇನ್ನೂ ನೂರು ಟನ್ ಬಾಕಿ ಇದೆ ಅಂತ ಯಾರೂ ಕಾಯಬಾರದು. ಹಾಗೆ ಅವಸರದಲ್ಲಿ ಬಿಡಿಸಿಕೊಂಡದ್ದಕ್ಕೆ ಯಾವ ಕ್ಯಾಪ್ಟನ್ನೂ ಬೈಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬಿಡಿಸಿಕೊಂಡ ಮೇಲೆ ಹೊರಕ್ಕೆ ಜೋರಾಗಿ ತಿರುಗಿಸಬೇಡಿ. ಮೂತಿ ಹೊರಕ್ಕೆ ಹೋದರೆ ಹಿಂಬದಿ ಟ್ಯಾಂಕರ್ ಕಡೆಗೆ ಬೀಸುತ್ತದೆ. ವೇಗ ಸ್ವಲ್ಪ ಹೆಚ್ಚಿಸಿ, ಒಂದೆರಡು ಡಿಗ್ರಿ ಹೊರಕ್ಕೆ ಹಿಡಿದು ನಿಧಾನವಾಗಿ ಸರಿಯಿರಿ. ಪೂರ್ತಿ ದಾಟುವವರೆಗೆ ಟ್ಯಾಂಕರ್‌ನ ಮುಂದೆ ಅಡ್ಡ ಹೋಗಬೇಡಿ. ಹಿಂದೆ ಮುಂದಿನ ಹಡಗು ಕಾಯುತ್ತಿರುತ್ತದೆ, ಅದರ ದಾರಿಗೂ ಬರಬೇಡಿ.

ಕೊನೆಗೆ ಕಾಗದದ ಕೆಲಸ. ಎರಡೂ ಹಡಗಿನ ಮೀಟರ್ ಲೆಕ್ಕ ಹೋಲಿಸಿ, ಸಹಿ ಹಾಕಿ, ಮಾದರಿ ಸೀಸೆಗೆ ಚೀಟಿ ಅಂಟಿಸಿ ಇಟ್ಟುಕೊಳ್ಳಿ. ಬೇರೆ ದೇಶದ ಟ್ಯಾಂಕರ್ ಆದರೆ ಇದು ಇನ್ನೂ ಮುಖ್ಯ. 2020ರ ಸೆಪ್ಟೆಂಬರ್‌ನಲ್ಲಿ ಉತ್ತರ ಅರಬ್ಬೀ ಸಮುದ್ರದಲ್ಲಿ ಐಎನ್‌ಎಸ್ ತಲ್ವಾರ್ ಡೀಸೆಲ್ ಪಡೆದದ್ದು ಅಮೆರಿಕದ ಯುಕಾನ್‌ನಿಂದ. ಹೌದು, ಮೇಲೆ ಹೇಳಿದ ಅದೇ ಯುಕಾನ್. 2016ರಲ್ಲಿ ಎರಡು ದೇಶಗಳ ನಡುವೆ ಆದ ಒಪ್ಪಂದದಂತೆ ನಡೆದ ವ್ಯವಹಾರ ಅದು. ಡೀಸೆಲ್ ಪುಕ್ಕಟೆಯಲ್ಲ, ಟನ್ ಲೆಕ್ಕದಲ್ಲಿ ಬಿಲ್ ಬರುತ್ತದೆ.